ಭಾವಚಿತ್ರ ಮತ್ತು ಪಟ್ಟಿ: ದಯನಿತಾ ಸಿಂಗ್ ಅವರ ಮೋನಾ ಅಹಮದ್

ಮನುಷ್ಯನ ಮುಖವನ್ನು ಹಿಡಿದ ಛಾಯಾಚಿತ್ರಕ್ಕೆ ಕನ್ನಡದಲ್ಲಿ 'ಭಾವಚಿತ್ರ'ವೆಂಬ ಹೆಸರು ರೂಢಿಯಾಗಿದೆ. ಹೆಸರು ಸೊಗಸಾಗಿದೆ, ಅದರ ಬಳಕೆ ಮಾತ್ರ ವಿಚಿತ್ರವಾಗಿದೆ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತ ಹಿರಿಯರ ಚಿತ್ರವೂ ಭಾವಚಿತ್ರವೇ. ಪಡಿತರ ಚೀಟಿಯ ಅರ್ಜಿಯ ಮೂಲೆಯಲ್ಲಿ ಅಂಟಿಸಿ, ಮೇಲೆ ಮೊಹರು ಒತ್ತಿಸಿಕೊಳ್ಳುವ ತುಣುಕೂ ಭಾವಚಿತ್ರವೇ. ಈ ಎರಡನೆಯದರಲ್ಲಿ ಭಾವವೆಂಬುದು ಇರಕೂಡದೆಂಬುದೇ ಕಚೇರಿಯ ಕಟ್ಟಳೆ: ನಗಬಾರದು, ತಲೆ ಓರೆಯಾಗಬಾರದು, ಹಿಂದಿನ ಪರದೆ ಬಿಳಿಯಾಗಿರಬೇಕು. ವಾತ್ಸ್ಯಾಯನನ ಕಾಮಸೂತ್ರಕ್ಕೆ ಜಯಮಂಗಲಾ ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರಕಲೆಯ ಆರು ಅಂಗಗಳನ್ನು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂದು ಎಣಿಸಿದ್ದಾನೆ. ಭಾವವೂ ಸಾದೃಶ್ಯವೂ ಅವನ ಎಣಿಕೆಯಲ್ಲಿ ಬೇರೆ ಬೇರೆ. ಕಚೇರಿಯ ಚಿತ್ರಕ್ಕೆ ಪ್ರಮಾಣ, ಸಾದೃಶ್ಯ ಇವೆರಡಿದ್ದರೆ ಸಾಕು. ಉಳಿದವು ಅದಕ್ಕೆ ಅಡ್ಡಿ. ಕನ್ನಡದ ಒಂದೇ ಶಬ್ದವು ಈ ಎರಡು ಬಗೆಯ ಚಿತ್ರಗಳನ್ನು ಹೊತ್ತು ನಿಂತಿರುವುದರಿಂದ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂಬ ಪ್ರಶ್ನೆ ಕನ್ನಡ ವಾಚಕನಿಗೆ ಸಹಜವಾಗಿಯೇ ಏಳತಕ್ಕದ್ದು. ಆ ಪ್ರಶ್ನೆಯನ್ನು ಬಿಡಿಸಿ ನೋಡುವುದಕ್ಕೆ ಭಾರತದ ಛಾಯಾಗ್ರಹಣದಲ್ಲಿ ದಯನಿತಾ ಸಿಂಗ್ ಅವರ 'ಮೈಸೆಲ್ಫ್ ಮೋನಾ ಅಹಮದ್' ಎಂಬ ಗ್ರಂಥದಷ್ಟು ಉಪಯುಕ್ತವಾದ ಕೃತಿ ಮತ್ತೊಂದು ಸಿಕ್ಕುವುದು ದುರ್ಲಭ.

ಈ ಗ್ರಂಥ 2001ರಲ್ಲಿ ಜೂರಿಕ್ ನಗರದ ಸ್ಕಾಲೋ ಪ್ರಕಾಶನದಿಂದ ಹೊರಬಿತ್ತು. ದಿಲ್ಲಿಯಲ್ಲಿ 1961ರಲ್ಲಿ ಹುಟ್ಟಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೂ ಬಳಿಕ ನ್ಯೂಯಾರ್ಕಿನಲ್ಲಿಯೂ ಕಲಿತ ದಯನಿತಾ ಸಿಂಗ್, ಹಳೆಯ ದಿಲ್ಲಿಯ ಹಿಜಡಾ ಒಬ್ಬರ ಬಾಳನ್ನು ಸುಮಾರು ಹನ್ನೆರಡು ವರ್ಷಗಳ ಕಾಲ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಹಿಡಿದುದರ ಫಲ ಅದು. ಚಿತ್ರಗಳ ಜೊತೆಗೆ ಮೋನಾ ಅಹಮದ್ ತಮ್ಮ ಪ್ರಕಾಶಕ ವಾಲ್ಟರ್ ಕೆಲ್ಲರ್ ಅವರಿಗೆ ಬರೆದ ಈ-ಪತ್ರಗಳು ಅಚ್ಚಾಗಿವೆ. ಜೀವನಚರಿತ್ರೆ, ಪತ್ರಸಂಗ್ರಹ, ಚಿತ್ರಸಂಪುಟ ಈ ಮೂರೂ ಅಹುದಾದರೂ ಮೂರರಲ್ಲಿ ಒಂದೆಂದು ಹೇಳಿ ಮುಗಿಸಲಾಗದಂಥ ರಚನೆ. ಅದರ ಬೆಲೆಯನ್ನು ಕಟ್ಟಬೇಕಾದರೆ, ಅದಕ್ಕೆ ಹಿಂದೆ ಭಾರತದಲ್ಲಿ ಮುಖಗಳ ಚಿತ್ರ ತೆಗೆಯುವ ಕೆಲಸ ಯಾರ ಕೈಯಲ್ಲಿತ್ತು, ಯಾವ ಉದ್ದೇಶಕ್ಕೆ ನಡೆಯುತ್ತಿತ್ತು ಎಂಬುದನ್ನು ಮೊದಲು ನೋಡಬೇಕು.

ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಮುಂಬಯಿಯಲ್ಲೇ ನಡೆಯಿತು. ಛಾಯಾಗ್ರಾಹಕರ ಸಂಘವೊಂದು ಈ ಊರಲ್ಲಿ 1854ರಷ್ಟು ಹಿಂದೆಯೇ ಹುಟ್ಟಿತ್ತು. ಇಲ್ಲಿದ್ದ ವಿಲಿಯಂ ಜಾನ್ಸನ್ ಎಂಬಾತನು ಮುಂಬಯಿಯ ನಾನಾ ಜಾತಿ ಜನಾಂಗಗಳ ಚಿತ್ರಗಳನ್ನು ಎರಡು ಸಂಪುಟಗಳಲ್ಲಿ, 1863 ಮತ್ತು 1866ರಲ್ಲಿ, ಪ್ರಕಟಿಸಿದನು. ಆ ಚಿತ್ರಗಳಲ್ಲಿ ಒಂದು ಉಪಾಯವಿದೆ. ಜನರನ್ನು ಒಂದೆಡೆ ನಿಲ್ಲಿಸಿ ಚಿತ್ರ ತೆಗೆದು, ಆಮೇಲೆ ಬೇರೆ ಕಡೆಯ ದೃಶ್ಯವೊಂದನ್ನು ಅವರ ಬೆನ್ನ ಹಿಂದೆ ಸೇರಿಸಲಾಗಿದೆ. ದೇಗುಲವೋ ಬೀದಿಯೋ ತೋಪೋ ಆ ಹಿನ್ನೆಲೆಯಾಗಬಹುದು. ಅದರೊಂದಿಗೆ ಅಲ್ಲಿ ನಿಂತವನಿಗೆ ಸಂಬಂಧವಿರಬೇಕೆಂಬ ನಿಯಮವಿಲ್ಲ. ಅವನು ಬನಿಯನೋ ಕೋಳಿಯೋ ಪಾರಸಿಯೋ ಎಂಬುದಷ್ಟೇ ಮುಖ್ಯ. ಅವನ ಹೆಸರು ಯಾರಿಗೂ ಬೇಡ. ಇದಾದ ಮೇಲೆ ಸರಕಾರವೇ ಈ ಕೆಲಸಕ್ಕೆ ಕೈಹಚ್ಚಿತು. 1857ರ ದಂಗೆಯ ಬಳಿಕ ಆಳಿಸಿಕೊಳ್ಳುವವರನ್ನು ಅರಿಯಬೇಕೆಂಬ ಆತುರ ಆಳುವವರಿಗೆ ಹೆಚ್ಚಿದ್ದ ಕಾಲವದು. 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಅಚ್ಚಾದುವು. 468 ಚಿತ್ರಗಳು, ಪ್ರತಿಯೊಂದರ ಬದಿಗೂ ಆ ಜನರ ಗುಣಾವಗುಣಗಳ ತೀರ್ಪು. ಇಂಥ ಪಂಗಡದವರು ನಂಬಿಗಸ್ತರು, ಇಂಥವರು ಕಳ್ಳರು ಎಂಬ ಧಾಟಿಯ ಬರಹ. ಚಿತ್ರದಲ್ಲಿರುವಾತ ಯಾವ ಕಳವನ್ನೂ ಮಾಡಿರದಿದ್ದರೂ ಮುಖದ ಕೆಳಗೆ ಅಚ್ಚಾದ ಆ ಸಾಲನ್ನು ಒರೆಸಿಕೊಳ್ಳಲು ಅವನಿಗೆ ದಾರಿಯಿಲ್ಲ. ಅದೇ ದಶಕದಲ್ಲಿ, 1869ರಲ್ಲಿ, ಲ್ಯಾಂಪ್ರಿ ಎಂಬ ಪಂಡಿತನು ರೇಷ್ಮೆಯ ದಾರಗಳಿಂದ ಎರಡಂಗುಲದ ಚೌಕಗಳನ್ನು ಹೆಣೆದ ಚೌಕಟ್ಟೊಂದರ ಮುಂದೆ ಬೆತ್ತಲೆ ಮನುಷ್ಯನನ್ನು ನಿಲ್ಲಿಸಿ ಅಳೆಯುವ ವಿಧಾನವನ್ನು ಸೂಚಿಸಿದನು. ಯಶೋಧರನ 'ಪ್ರಮಾಣ'ಕ್ಕೆ ಇಂಥ ಗತಿ ಬಂದೀತೆಂದು ಯಾರೂ ಎಣಿಸಿರಲಾರರು.

ಈ ಸಂಪುಟಗಳು ಇನ್ನೂ ಹೊರಬರುತ್ತಿದ್ದಾಗಲೇ, 1871ರಲ್ಲಿ, 'ಅಪರಾಧಿ ಬುಡಕಟ್ಟು'ಗಳ ಕಾನೂನು ಬಂದಿತು. ಅದರ ಎರಡನೆಯ ಭಾಗ ಹಿಜಡಾಗಳಿಗಾಗಿಯೇ ಮೀಸಲಾಗಿತ್ತು. ಮಕ್ಕಳನ್ನು ಕದಿಯುವವರು, ಅಂಗಹೀನ ಮಾಡುವವರು ಎಂಬ ಅನುಮಾನಕ್ಕೆ ಪಾತ್ರರಾದ ಹಿಜಡಾಗಳ ಹೆಸರು, ವಾಸಸ್ಥಳಗಳ ಪಟ್ಟಿಯನ್ನು ಇಡಬೇಕು. ಅವರ ಆಸ್ತಿಯ ಲೆಕ್ಕವನ್ನು ಕೇಳಬಹುದು. ಪಟ್ಟಿಗೆ ಸೇರಿದವರು ಹೆಣ್ಣಿನ ಉಡುಗೆ ತೊಡುಗೆಗಳಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ, ಅಥವಾ ಸಾರ್ವಜನಿಕವಾಗಿ ಹಾಡಿ ಕುಣಿದರೆ, ವಾರಂಟಿಲ್ಲದೆ ಹಿಡಿದು ಎರಡು ವರ್ಷಗಳವರೆಗೆ ಸೆರೆಗೆ ಹಾಕಬಹುದು. ಇಲ್ಲಿ ಕಾಣಿಸಿಕೊಳ್ಳುವುದೇ ಅಪರಾಧ. ಒಬ್ಬನು ಮಾಡಿದ್ದನ್ನು ಬಿಟ್ಟು ಅವನು ತೋರುವ ಬಗೆಯನ್ನು ಕಾನೂನು ದಂಡಿಸಿತು. ಮುಖವನ್ನು ಜಾತಿಗೆ ಕಟ್ಟುವ ಚಿತ್ರಸಂಪುಟವೂ ಉಡುಗೆಯನ್ನು ಅಪರಾಧಕ್ಕೆ ಕಟ್ಟುವ ಈ ಕಾನೂನೂ ಒಂದೇ ಕಾಲದ ಒಂದೇ ಬುದ್ಧಿಯ ಫಲಗಳೆಂದು ತಿಳಿದರೆ, ಹಿಜಡಾ ಒಬ್ಬರ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವವರ ಬೆನ್ನ ಮೇಲೆ ಎಂಥ ಭಾರವಿದೆಯೆಂಬುದು ಸ್ಪಷ್ಟವಾದೀತು. ಕ್ಯಾಮೆರಾ ಅವರ ಪಾಲಿಗೆ ಪಟ್ಟಿ ಬರೆಯುವವನ ಲೇಖನಿಯ ತಮ್ಮ.

ದಯನಿತಾ ಸಿಂಗ್ ಅವರು 1989ರಲ್ಲಿ ಮೋನಾರ ಮನೆಗೆ ಹೋದುದು ಅಂಥದೇ ಲೇಖನಿಯಾಗಿ. ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಹಿಜಡಾಗಳ ಚಿತ್ರಗಳು ಬೇಕಾಗಿದ್ದುವು. ವಿಷಯ ಹಿಜಡಾಗಳು, ಮೋನಾ ಅದಕ್ಕೊಂದು ಉದಾಹರಣೆ. ಚಿತ್ರ ತೆಗೆದಾಯಿತು. ಅವು ಲಂಡನ್ನಿನಲ್ಲಿ ಅಚ್ಚಾಗುವುವೆಂದು ತಿಳಿದೊಡನೆ, ಅಲ್ಲಿರುವ ಬಂಧುಗಳ ಕಣ್ಣಿಗೆ ಬಿದ್ದೀತೆಂದು ಮೋನಾ ಆ ಫಿಲ್ಮ್ ಸುರುಳಿಯನ್ನು ಹಿಂದಕ್ಕೆ ಕೇಳಿದರು. ಛಾಯಾಗ್ರಾಹಕಿ ಕೊಟ್ಟುಬಿಟ್ಟರು. ಪತ್ರಿಕೆಗೆ ಚಿತ್ರ ಹೋಗಲಿಲ್ಲ. ಹನ್ನೆರಡು ವರ್ಷಗಳ ಸ್ನೇಹ ಶುರುವಾದುದು ಅಲ್ಲಿಂದ.

ಈ ಸಂಗತಿಯನ್ನು ಹೃದಯಸ್ಪರ್ಶಿಯಾದ ಕಥೆಯೆಂದು ಹೇಳಿ ಮುಂದೆ ಸಾಗುವವರೇ ಹೆಚ್ಚು. ಅದರಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಜಾನ್ಸನ್ನನ ಚಿತ್ರದಲ್ಲಿ ನಿಂತವನಿಗೂ, ಎಂಟು ಸಂಪುಟಗಳ 468 ಚಿತ್ರಗಳಲ್ಲಿ ಸಿಕ್ಕಿಬಿದ್ದವರಿಗೂ ಇಲ್ಲದಿದ್ದ ಅಧಿಕಾರವೊಂದು ಮೋನಾರಿಗೆ ಆ ದಿನ ದೊರೆಯಿತು: ಬೇಡವೆನ್ನುವ ಅಧಿಕಾರ. ಪಟ್ಟಿಯ ಚಿತ್ರವನ್ನು ಭಾವಚಿತ್ರದಿಂದ ಬೇರ್ಪಡಿಸುವ ಗೆರೆ ಬೆಳಕಿನಲ್ಲಿಯೋ ಚೌಕಟ್ಟಿನಲ್ಲಿಯೋ ಚಿತ್ರಕಾರನ ಕೋಮಲ ಹೃದಯದಲ್ಲಿಯೋ ಇಲ್ಲ. ಚಿತ್ರಿತರು ಚಿತ್ರವನ್ನು ಹಿಂದಕ್ಕೆ ಪಡೆಯಬಹುದಾಗಿತ್ತೆ ಎಂಬ ಒಂದೇ ಪ್ರಶ್ನೆಯಲ್ಲಿದೆ. ಹೌದೆಂದಾದರೆ, ಉಳಿದ ಪ್ರತಿಯೊಂದು ಚಿತ್ರವೂ ಅವರು ಕೊಟ್ಟದ್ದು. ಇಲ್ಲವೆಂದಾದರೆ, ಎಷ್ಟು ಸುಂದರವಾಗಿದ್ದರೂ ಅದು ಕಸಿದುಕೊಂಡದ್ದು. ಆಪ್ತತೆ ಎಂಬ ಮಾತನ್ನು ಛಾಯಾಗ್ರಹಣದ ವಿಮರ್ಶೆಯಲ್ಲಿ ಬಲು ಸುಲಭವಾಗಿ ಬಳಸಲಾಗುತ್ತದೆ. ಹತ್ತಿರ ನಿಂತು ತೆಗೆದದ್ದೆಲ್ಲ ಆಪ್ತವಲ್ಲ. ಪೊಲೀಸು ಠಾಣೆಯಲ್ಲಿ ತೆಗೆಯುವ ಚಿತ್ರಕ್ಕಿಂತ ಹತ್ತಿರದ್ದು ಯಾವುದಿದೆ?

ಗ್ರಂಥದ ಚಿತ್ರಗಳಲ್ಲಿ ಬಲವಾದುವು ಹುಟ್ಟುಹಬ್ಬದವು. ಮೋನಾ ಒಂದು ಹೆಣ್ಣು ಕೂಸನ್ನು ಸಾಕಿಕೊಂಡಿದ್ದರು. ಆ ಮಗುವಿನ ಹುಟ್ಟುಹಬ್ಬಗಳನ್ನು ಅವರು ಆಚರಿಸಿದ ವೈಭವ ದೊಡ್ಡದು. ದೂರ ದೂರದಿಂದ ಹಿಜಡಾಗಳು ಬಂದು ನೆರೆದು ದಿನಗಟ್ಟಲೆ ಹಾಡು ಕುಣಿತಗಳು ನಡೆದುವು. ಪರರ ಮನೆಯಲ್ಲಿ ಗಂಡು ಹುಟ್ಟಿದರೆ ಹೋಗಿ ಹರಸಿ ಕುಣಿಯುವುದು ಆ ಸಮುದಾಯಕ್ಕೆ ಲೋಕ ಬಿಟ್ಟುಕೊಟ್ಟ ಕೆಲಸ. ಇಲ್ಲಿ ಅವರು ತಮ್ಮದೇ ಮನೆಯ ಮಗಳಿಗಾಗಿ ಕುಣಿಯುತ್ತಿದ್ದಾರೆ. ಹಣ ಕೊಡುವ ಯಜಮಾನನಿಲ್ಲ. ಮಗುವನ್ನು ಎತ್ತಿಕೊಂಡ ಮೋನಾರ ತೋಳನ್ನು ನೋಡಿದರೆ ಸಾಕು: ಎತ್ತಿಕೊಂಡು ರೂಢಿಯಾದ ತೋಳು ಅದು; ಚಿತ್ರಕ್ಕಾಗಿ ಎತ್ತಿಕೊಂಡುದಲ್ಲ. ಹಿಜಡಾ ಎಂದೊಡನೆ ಮಕ್ಕಳನ್ನು ಕದ್ದೊಯ್ಯುವವರೆಂಬ ಭಯ 1871ರ ಕಾನೂನಿನಲ್ಲಿ ಇತ್ತಷ್ಟೆ. ಅದು ಮನೆಮನೆಯ ಅಜ್ಜಿಯರ ಬೆದರಿಕೆಯಲ್ಲಿಯೂ ಇತ್ತು. ಆ ಭಯಕ್ಕೆ ಈ ಚಿತ್ರ ಯಾವ ವಾದವನ್ನೂ ಹೂಡುವುದಿಲ್ಲ; ತಾಯಿಯೊಬ್ಬರು ಹಬ್ಬದ ಗಡಿಬಿಡಿಯಲ್ಲಿ ದಣಿದು, ಅತಿಥಿಗಳು ಉಂಡರೋ ಇಲ್ಲವೋ ಎಂಬ ಚಿಂತೆಯಲ್ಲಿರುವುದನ್ನು ತೋರಿಸಿ ಸುಮ್ಮನಾಗುತ್ತದೆ. ಪೂರ್ವಗ್ರಹವನ್ನು ಖಂಡಿಸಹೊರಟ ಚಿತ್ರಗಳು ಸಾಮಾನ್ಯವಾಗಿ ಮಾಡುವ ತಪ್ಪು ಇದರಲ್ಲಿಲ್ಲ. ಖಂಡನೆಯ ಚಿತ್ರಕ್ಕೂ ಮನುಷ್ಯ ಒಂದು ಉದಾಹರಣೆಯೇ ಆಗಿಬಿಡುತ್ತಾನೆ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಸಾಧಾರಣೀಕರಣವೆಂಬ ತತ್ತ್ವವಿದೆ. ರಂಗದ ಮೇಲಿನ ಶಕುಂತಲೆಯ ದುಃಖವು ಶಕುಂತಲೆಗೆ ಮಾತ್ರ ಅಂಟಿಕೊಳ್ಳದೆ ಸಹೃದಯರೆಲ್ಲರ ಅನುಭವಕ್ಕೆ ನಿಲುಕುವುದು ಅದರಿಂದ. ಪಟ್ಟಿಯೂ ಒಂದು ಬಗೆಯಲ್ಲಿ ಸಾಮಾನ್ಯೀಕರಿಸುತ್ತದೆ. ಒಬ್ಬನನ್ನು ನೋಡಿ ಪಂಗಡವನ್ನೆಲ್ಲ ಅರಿತಂತೆ ಭಾವಿಸುತ್ತದೆ. ಎರಡರ ದಾರಿ ಬೇರೆ. ಕಲೆಯು ವಿಶೇಷದ ತಳಕ್ಕೆ ಇಳಿದು ಅಲ್ಲಿ ಸಾಮಾನ್ಯವನ್ನು ಮುಟ್ಟುತ್ತದೆ. ಪಟ್ಟಿ ವಿಶೇಷವನ್ನು ಉಜ್ಜಿ ಹಾಕಿ ಸಾಮಾನ್ಯವನ್ನು ಪಡೆಯುತ್ತದೆ. ಮೋನಾರ ಹುಟ್ಟುಹಬ್ಬದ ಚಿತ್ರಗಳಿಂದ ಹಿಜಡಾಗಳ ವಿಷಯವಾಗಿ ವಾಚಕನು ಅರಿಯುವುದು ಅಲ್ಪ. ಮಗುವಿಗಾಗಿ ಕೈಮೀರಿ ಖರ್ಚು ಮಾಡುವವರ ವಿಷಯವಾಗಿ ಅರಿಯುವುದು ಬಹಳ.

ಆ ವೈಭವ ಉಳಿಯಲಿಲ್ಲ. ಮಗಳು ದೂರವಾದಳು, ತಮ್ಮ ಸಮುದಾಯದೊಡನೆ ವಿರಸ ಬೆಳೆದು ಮೋನಾ ಅದರಿಂದಲೂ ಹೊರಬಿದ್ದರು. ಹಿರಿಯರ ಗೋರಿಗಳಿದ್ದ ದಿಲ್ಲಿಯ ಖಬರಸ್ಥಾನದಲ್ಲಿ ಮನೆ ಕಟ್ಟಿಕೊಂಡು, ಪ್ರಾಣಿ ಪಕ್ಷಿಗಳನ್ನು ಸಾಕಿಕೊಂಡು ವಾಸವಾದರು. ಲೋಕ ಬಹಿಷ್ಕರಿಸಿದ ಪಂಗಡ ಮೋನಾರನ್ನು ಬಹಿಷ್ಕರಿಸಿತು. ಈ ಎರಡನೆಯ ಬಹಿಷ್ಕಾರವನ್ನು ಮರೆಮಾಚದಿರುವುದು ಗ್ರಂಥದ ಪ್ರಾಮಾಣಿಕತೆ. ದಮನಕ್ಕೊಳಗಾದವರೆಲ್ಲ ಒಳ್ಳೆಯವರೆಂದು ತೋರಿಸಹೊರಡುವ ಸದುದ್ದೇಶದ ಕೃತಿಗಳಿಗೆ ಇಂಥ ಸಂಗತಿ ಇರಿಸುಮುರಿಸು ತರುತ್ತದೆ. ಇಲ್ಲಿ ಮೋನಾ ಸಿಡುಕುತ್ತಾರೆ, ಅತಿಯಾಗಿ ಮಾತಾಡುತ್ತಾರೆ, ಆತ್ಮಾನುಕಂಪದಲ್ಲಿ ಮುಳುಗುತ್ತಾರೆ. ಮರುಕ್ಷಣ ತಮ್ಮ ಹೊಸ ಯೋಜನೆಯೊಂದನ್ನು ಉತ್ಸಾಹದಿಂದ ವಿವರಿಸುತ್ತಾರೆ. ಅವರನ್ನು ಮೆಚ್ಚಬೇಕೆಂಬ ಒತ್ತಾಯ ಯಾವ ಪುಟದಲ್ಲಿಯೂ ಇಲ್ಲ.

ಪತ್ರಗಳ ವಿಷಯ ಇಷ್ಟು ಸರಳವಲ್ಲ. ಅವು ಇಂಗ್ಲಿಷಿನಲ್ಲಿವೆ. ಮೋನಾರ ಬಾಳಿನ ಭಾಷೆ ಹಳೆಯ ದಿಲ್ಲಿಯ ಗಲ್ಲಿಗಳ ಉರ್ದು ಬೆರೆತ ಹಿಂದೂಸ್ತಾನಿ. ಗುರು ಚೇಲಾ ಸಂಬಂಧದ ಮಾತುಗಳು, ಜಗಳದ ಮಾತುಗಳು, ಹರಕೆಯ ಮಾತುಗಳು, ಇವೆಲ್ಲ ಆ ಭಾಷೆಯಲ್ಲಿ ಹೊಂದಿರುವ ಉಪ್ಪು ಖಾರ ಜೂರಿಕ್ಕಿಗೆ ಹೋದ ಇಂಗ್ಲಿಷಿನಲ್ಲಿ ಹೇಗೆ ಉಳಿದೀತು? ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಆಡುತ್ತ ಪರಭಾಷೆಯ ಊರಲ್ಲಿ ಬದುಕಿದ ಕನ್ನಡ ವಾಚಕನಿಗೆ ಈ ಶಂಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಪತ್ರಗಳಿಲ್ಲದೆ ಗ್ರಂಥವಿಲ್ಲ. ಎಂಟು ಸಂಪುಟಗಳಲ್ಲಿ ಚಿತ್ರದ ಬದಿಯ ಬರಹ ಅಧಿಕಾರಿಯದು. ಇಲ್ಲಿ ಅದು ಚಿತ್ರಿತರದು. ತಮ್ಮ ಮುಖದ ಕೆಳಗಿನ ಸಾಲನ್ನು ತಾವೇ ಬರೆಯುವ ಹಕ್ಕು ಸಣ್ಣ ಹಕ್ಕಲ್ಲ. ಆ ಸಾಲು ಪರಭಾಷೆಯಲ್ಲಿ ಬರೆಯಲ್ಪಟ್ಟಿತೆಂಬುದೂ ಸಣ್ಣ ನಷ್ಟವಲ್ಲ.

ಈ ಸ್ನೇಹದ ಕಥೆಯಲ್ಲಿ ಅತ್ಯಂತ ಮಹತ್ತ್ವದ ಪ್ರಸಂಗವೊಂದಿದೆ. ಲಿಂಗಪರಿವರ್ತನೆಯ ಶಸ್ತ್ರಚಿಕಿತ್ಸೆಯನ್ನು ಸಿಂಗಾಪುರದಲ್ಲಿ ಮಾಡಿಸಬಹುದೆಂಬ ಮಾತನ್ನು ದಯನಿತಾ ಸಿಂಗ್ ಒಮ್ಮೆ ಮೋನಾರ ಮುಂದೆ ಎತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಎತ್ತಿದ ಮಾತು. ಮೋನಾರ ಉತ್ತರದ ಅಭಿಪ್ರಾಯವಿಷ್ಟು: ತಾವು ಹೆಣ್ಣಾಗಲು ಹವಣಿಸುತ್ತಿರುವ ಗಂಡಸಲ್ಲ, ತಮ್ಮದು ಮೂರನೆಯ ಲಿಂಗ, ಎರಡನ್ನೇ ಎಣಿಸಬಲ್ಲುದು ನಿಮ್ಮ ಸಮಾಜದ ತೊಂದರೆ, ತಮ್ಮದಲ್ಲ. ವರ್ಷಗಳ ಒಡನಾಟವಿದ್ದ ಗೆಳತಿಯಲ್ಲಿಯೂ ಪೂರ್ವಗ್ರಹವಿತ್ತೆಂಬುದು ಇದರಿಂದ ಹೊರಬಿತ್ತು. ಅದು ದ್ವೇಷದ ಪೂರ್ವಗ್ರಹವಲ್ಲ. ಮೋನಾರನ್ನು ಅರ್ಧ ದಾರಿಯಲ್ಲಿ ನಿಂತ ಪಯಣಿಗರೆಂದು ತಿಳಿದು, ಊರು ಮುಟ್ಟಿಸಲು ಕೈಚಾಚಿದ ಕರುಣೆಯ ಪೂರ್ವಗ್ರಹ. ಗೇಲಿ ಮಾಡುವವರನ್ನು ಬಯ್ಯುವುದು ಸುಲಭ. ಕರುಣೆಯೊಳಗಿನ ತಪ್ಪೆಣಿಕೆಯನ್ನು ಹಿಡಿದು ತೋರುವುದು ಆಪ್ತರಿಗಷ್ಟೇ ಸಾಧ್ಯ, ಅದನ್ನು ಕೇಳಿಸಿಕೊಳ್ಳುವುದೂ ಆಪ್ತರಿಗಷ್ಟೇ ಸಾಧ್ಯ.

ಕನ್ನಡ ಮನಸ್ಸಿಗೆ ಈ ತಪ್ಪೆಣಿಕೆ ಹೊಸದಲ್ಲ. ವಿರಾಟನಗರದ ಬೃಹನ್ನಳೆಯನ್ನು ಕನ್ನಡಿಗರು ಕಾವ್ಯದಲ್ಲಿ, ಗಮಕದಲ್ಲಿ, ಆಟದಲ್ಲಿ ತಲೆತಲಾಂತರದಿಂದ ಪ್ರೀತಿಸಿದ್ದಾರೆ. ಸೀರೆಯ ಒಳಗೆ ಅರ್ಜುನನಿದ್ದಾನೆಂಬ ಭರವಸೆಯಿಂದ ಹುಟ್ಟಿದ ಪ್ರೀತಿ ಅದು; ಉತ್ತರನ ರಥವೇರಿದೊಡನೆ ಬೃಹನ್ನಳೆಯ ಕೆಲಸ ಮುಗಿಯಿತು. ಮುಂಬಯಿಯ ಸಭಾಗೃಹಗಳಲ್ಲಿ ಯಕ್ಷಗಾನವಾದಾಗ ಸ್ತ್ರೀವೇಷಧಾರಿಗೆ ಬೀಳುವ ಚಪ್ಪಾಳೆಯೂ ಇದೇ ಜಾತಿಯದು. ವೇಷ ಕಳಚಿದ ಮೇಲೆ ಒಳಗೊಬ್ಬ ಗಂಡಸು ಸಿಕ್ಕುವನೆಂಬುದೇ ಆ ಮೆಚ್ಚಿಕೆಯ ಆಧಾರ. ಅದೇ ರಸಿಕನು ಆಟ ಮುಗಿಸಿ ಮನೆಗೆ ಮರಳುವಾಗ ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟುತ್ತ ಬಂದವರನ್ನು ಕಂಡು ಟ್ಯಾಕ್ಸಿಯ ಗಾಜನ್ನು ಏರಿಸುತ್ತಾನೆ. ಅಲ್ಲಿ ಕಳಚತಕ್ಕ ವೇಷವಿಲ್ಲ. ಅದೇ ಅವನ ಭಯ. ಮೋನಾರ ಚಿತ್ರಗಳನ್ನು ನೋಡುವವರು ಮೊದಲ ಕೆಲವು ಪುಟಗಳಲ್ಲಿ ಮಾಡುವುದೂ ವೇಷದ ಹಿಂದಿನ 'ನಿಜ'ವನ್ನು ಹುಡುಕುವ ಕೆಲಸವನ್ನೇ: ದವಡೆಯನ್ನು ನೋಡುತ್ತಾರೆ, ಕೈಗಳನ್ನು ನೋಡುತ್ತಾರೆ. ಪುಟಗಳು ಮುಂದುವರಿದಂತೆ ಆ ಹುಡುಕಾಟ ತಾನಾಗಿ ಸೋತುಹೋಗುತ್ತದೆ. ಒಂದೇ ಚಿತ್ರದಿಂದ ಆಗದ ಕೆಲಸವನ್ನು ಹನ್ನೆರಡು ವರ್ಷಗಳ ಸರಣಿ ಮಾಡುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡಕ್ಕೊಂದು ಅನುಕೂಲವಿದೆಯೆಂಬುದನ್ನು ಇಲ್ಲಿ ಹೇಳಬಹುದು. ಇಂಗ್ಲಿಷಿನಲ್ಲಿ ಮೋನಾರನ್ನು ಕುರಿತು ಬರೆಯುವವನು ಎರಡು ಸರ್ವನಾಮಗಳ ನಡುವೆ ತೊಳಲಬೇಕು. ಕನ್ನಡದ 'ಅವರು' ಲಿಂಗವನ್ನು ಕೇಳುವುದಿಲ್ಲ, ಗೌರವವೊಂದನ್ನೇ ಕೇಳುತ್ತದೆ. ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಶಬ್ದಗಳ ಲಿಂಗವನ್ನು ಹೇಳುವಾಗ ಮೂರಕ್ಕೇ ನಿಲ್ಲದೆ ಒಂಬತ್ತರವರೆಗೆ ಎಣಿಸಿದ್ದಾನೆ. ಬೀದಿಯ ಕನ್ನಡ ಅದೇ ಒಂಬತ್ತೆಂಬ ಸಂಖ್ಯೆಯನ್ನು ಬೈಗುಳವಾಗಿಸಿಕೊಂಡಿರುವುದು ಕಾಕತಾಳೀಯವೇ ಆದರೂ ಖೇದಕರ. ಯಶೋಧರನು ಆರು ಅಂಗಗಳನ್ನು ಎಣಿಸಿದುದು ಯಾವ ಗ್ರಂಥದ ವ್ಯಾಖ್ಯಾನದಲ್ಲಿಯೋ ಆ ಗ್ರಂಥದಲ್ಲಿಯೇ ವಾತ್ಸ್ಯಾಯನನು 'ತೃತೀಯಾ ಪ್ರಕೃತಿ'ಯನ್ನು ಹೆಸರಿಸಿದ್ದಾನೆ. ಹೆಸರಿಸಿದನೆಂದ ಮಾತ್ರಕ್ಕೆ ಪ್ರಾಚೀನರು ಉದಾರಿಗಳಾಗಿದ್ದರೆಂದು ಹಿಗ್ಗುವುದು ಸಲ್ಲದು. ಹೆಸರಿದ್ದಿತು, ಹೆಸರು ಹೊತ್ತವರಿಗೆ ಗೌರವವಿತ್ತೆ ಎಂಬುದು ಬೇರೆಯೇ ಪ್ರಶ್ನೆ.

ಹೋಲಿಕೆಗೆ ಮತ್ತೊಂದು ಕೃತಿಯನ್ನು ಎತ್ತಿಕೊಳ್ಳಬೇಕು. ಅಮೆರಿಕದ ಮೇರಿ ಎಲೆನ್ ಮಾರ್ಕ್ 1978ರಲ್ಲಿ ಮುಂಬಯಿಗೆ ಬಂದು ಕಾಮಾಠಿಪುರದ ಬದಿಯ ಫಾಕ್‌ಲಂಡ್ ರೋಡಿನ ವೇಶ್ಯೆಯರ ಚಿತ್ರಗಳನ್ನು ತೆಗೆದರು. ಗ್ರಂಥ 1981ರಲ್ಲಿ ಬಂದಿತು. ಮೊದಮೊದಲು ಜನ ಅವರ ಮೇಲೆ ನೀರು, ಕಸ ಎರಚಿದರು. ಪಟ್ಟುಹಿಡಿದು ದಿನವೂ ಹೋಗಿ ನಿಂತದ್ದರಿಂದ ಕೊನೆಗೆ ಆ ಮನೆಗಳ ಬಾಗಿಲು ತೆರೆಯಿತು. ಛಾಯಾಗ್ರಾಹಕಿಯ ಧೈರ್ಯವೂ, ಆ ಹೆಂಗಸರ ಮೇಲಣ ಮಮತೆಯೂ ನಿಸ್ಸಂದೇಹ. ಆದರೆ ಎರಚಿದ ನೀರೂ ಒಂದು ಉತ್ತರವೇ ಆಗಿತ್ತಲ್ಲವೆ? ಮೋನಾ ಸುರುಳಿಯನ್ನು ಕೇಳಿ ಪಡೆದರು. ಫಾಕ್‌ಲಂಡ್ ರೋಡಿನವರ 'ಬೇಡ'ವು ಪಟ್ಟಿನ ಮುಂದೆ ಸೋತಿತು. ಆ ಚಿತ್ರಗಳ ಕಣ್ಣುಕೋರೈಸುವ ಬಣ್ಣ, ಹಸಿರು ನೀಲಿ ಗೋಡೆಗಳು, ಪರದೆಗಳು, ಇವುಗಳಲ್ಲಿ ಪ್ರೇಕ್ಷಕನಿಗೆ ಸಿಕ್ಕುವ ಸುಖ ಅಲ್ಲಿದ್ದವರಿಗೆ ಸಲ್ಲದ ಸುಖ. ಇನ್ನೊಂದು ಮಾತು. ಆ ಸುತ್ತಿನ ಮನೆಗಳಿಗೆ ದೇವದಾಸಿ ಪದ್ಧತಿಯ ದಾರಿ ಹಿಡಿದು ಬೆಳಗಾವಿ ಸೀಮೆಯಿಂದ ಬಂದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವರೂ ಮುಂಬಯಿ ಕನ್ನಡಿಗರೇ. ಹೊಟೇಲುಗಳ, ರಾತ್ರಿಶಾಲೆಗಳ, ಸಂಘಗಳ ಚರಿತ್ರೆಯನ್ನು ಹೆಮ್ಮೆಯಿಂದ ಬರೆದ ಹೊರನಾಡ ಕನ್ನಡಿಗರ ಗ್ರಂಥಗಳಲ್ಲಿ ಅವರ ಮುಖಕ್ಕೆ ಸ್ಥಳ ದೊರೆತುದು ವಿರಳ. ಅವರನ್ನು ಹಿಡಿದ ಚಿತ್ರ ನ್ಯೂಯಾರ್ಕಿನಲ್ಲಿ ಅಚ್ಚಾಯಿತು. ಮುಂಬಯಿಯ ಕನ್ನಡ ಪುಸ್ತಕದಲ್ಲಿ ಆಗಲಿಲ್ಲ. ಪಟ್ಟಿಗೆ ಸೇರಿಸುವುದು ಒಂದು ಬಗೆಯ ಪೂರ್ವಗ್ರಹವಾದರೆ, ಮನೆಯ ಆಲ್ಬಮ್ಮಿನಿಂದ ಬಿಡುವುದು ಇನ್ನೊಂದು ಬಗೆಯದು.

ದಯನಿತಾ ಸಿಂಗ್ ಅವರ ಗ್ರಂಥಕ್ಕೆ ದೋಷಗಳಿಲ್ಲದಿಲ್ಲ. ಖಬರಸ್ಥಾನದ ಚಿತ್ರಗಳಲ್ಲಿ ಗೋರಿಗಳು ಸುಲಭವಾಗಿ ಸಂಕೇತವಾಗಿಬಿಡುತ್ತವೆ. ಬದುಕಿದ್ದೂ ಸತ್ತವರ ನಡುವೆ ವಾಸಿಸುವ ಜೀವವೆಂಬ ಅರ್ಥ ಪ್ರೇಕ್ಷಕನಿಗೆ ಮೊದಲೇ ಸಿದ್ಧವಾಗಿ ಸಿಕ್ಕುವುದರಿಂದ, ಅವನು ಮೋನಾರನ್ನು ನೋಡುವುದನ್ನು ನಿಲ್ಲಿಸಿ ತನ್ನ ವಿಷಾದವನ್ನು ನೋಡಿಕೊಳ್ಳತೊಡಗುತ್ತಾನೆ. ಅರುಂಧತಿ ರಾಯ್ ಅವರ 2017ರ ಕಾದಂಬರಿಯಲ್ಲಿ ದಿಲ್ಲಿಯ ಖಬರಸ್ಥಾನದಲ್ಲಿ ಮನೆ ಮಾಡಿಕೊಂಡ ಹಿಜಡಾ ಪಾತ್ರವನ್ನು ಕಂಡಾಗ ಅನೇಕ ವಾಚಕರಿಗೆ ಮೋನಾರ ನೆನಪಾಯಿತು. ಚಿತ್ರದ ಬಲ ಅಷ್ಟು, ಸಂಕೇತದ ಅಪಾಯವೂ ಅಷ್ಟು. ಮೋನಾರಿಗೆ ಆ ಸ್ಥಳ ಹಿರಿಯರ ಜಾಗ, ಬಾಡಿಗೆಯಿಲ್ಲದ ಜಾಗ, ಕೋಳಿ ಬಾತುಗಳಿಗೆ ಓಡಾಡಲು ಸಾಕಾಗುವಷ್ಟಿದ್ದ ಜಾಗ. ಆ ದೃಷ್ಟಿಯಿಂದ, ಪ್ರಾಣಿಗಳ ನಡುವೆ ಗೃಹಕೃತ್ಯದಲ್ಲಿ ಮಗ್ನರಾದ ಮೋನಾರ ಚಿತ್ರಗಳು ಗೋರಿಗಳ ಚಿತ್ರಗಳಿಗಿಂತ ಮೇಲಾದುವು.

ಪಟ್ಟಿಯ ಚಿತ್ರವನ್ನು ಎದುರಿಸಲು ಇನ್ನೊಂದು ದಾರಿಯೂ ಉಂಟು. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಅವರೊಡಗೂಡಿ 2000ದಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತು ಮಾಡಿದ ಚಿತ್ರಮಾಲೆಯಲ್ಲಿ, ಅಳತೆಯ ಚೌಕಗಳ ಮುಂದೆ ಕಲಾವಿದೆ ತಾವೇ ಹೋಗಿ ನಿಂತಿದ್ದಾರೆ. ರವಿವರ್ಮನ ಲಕ್ಷ್ಮಿಯಾಗಿಯೂ, ಪೊಲೀಸರು ಹಿಡಿದ ಕಳ್ಳಿಯಾಗಿಯೂ ನಿಂತಿದ್ದಾರೆ. ಅದು ಪಟ್ಟಿಯನ್ನು ಅಣಕಿಸುವ ದಾರಿ, ಬುದ್ಧಿಯ ದಾರಿ. ಅದರ ಹರಿತ ಮೆಚ್ಚತಕ್ಕದ್ದೇ. ವೇಷ ಬದಲಿಸುವ ಸ್ವಾತಂತ್ರ್ಯವಿದ್ದವರು ಮಾತ್ರ ಆಡಬಹುದಾದ ಆಟ ಅದೆಂಬುದನ್ನೂ ಮರೆಯಲಾಗದು.

ಕರ್ನಾಟಕದಲ್ಲಿ ಪಟ್ಟಿ ಹಳೆಯ ಕಥೆಯಾಗಿ ಹೋಗಿರಲಿಲ್ಲ. ಹಿಜಡಾಗಳ ಪಟ್ಟಿಯನ್ನಿಡಲು ಅವಕಾಶ ಕೊಡುವ 36ಎ ಎಂಬ ಕಲಮನ್ನು ಕರ್ನಾಟಕ ಪೊಲೀಸು ಕಾಯಿದೆಗೆ 2011ರಲ್ಲಿ, 1871ಕ್ಕೆ 140 ವರ್ಷ ತುಂಬಿದ ಹೊತ್ತಿಗೆ, ಸೇರಿಸಲಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆ ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ 2016ರಲ್ಲಿ ಅದರ ಶಬ್ದವನ್ನು ಬದಲಾಯಿಸಲಾಯಿತು. ಹೈದರಾಬಾದು ಸಂಸ್ಥಾನದ ಕಾಲದಿಂದ ಉಳಿದಿದ್ದ ಇಂಥದೇ ಕಾನೂನನ್ನು ತೆಲಂಗಾಣದ ಉಚ್ಚ ನ್ಯಾಯಾಲಯ ತಳ್ಳಿಹಾಕಿದುದು 2023ರಲ್ಲಿ. ಮೋನಾ ಛಾಯಾಗ್ರಾಹಕಿಗೆ ಹೇಳಿದ ಮೂರನೆಯ ಲಿಂಗದ ಮಾತನ್ನು ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲಿನಲ್ಲಿ ಎತ್ತಿಹಿಡಿಯಿತು; 2019ರ ಕಾನೂನು ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಗುರುತಿನ ಪ್ರಮಾಣಪತ್ರ ಪಡೆಯುವ ಕ್ರಮವನ್ನು ತಂದಿತು. ಗುರುತಿನ ಚೀಟಿಯೆಂದ ಮೇಲೆ ಮತ್ತೆ ಅದೇ ಬಿಳಿ ಪರದೆ, ಅದೇ ನೆಟ್ಟ ನೋಟ. ಈ ಬಾರಿ ಅದು ಕೇಳಿ ಪಡೆಯುವ ಚಿತ್ರವೆಂಬ ವ್ಯತ್ಯಾಸವಿದೆ. ಆ ವ್ಯತ್ಯಾಸ ದೊಡ್ಡದೇ. ಕನ್ನಡ ಸಾಹಿತ್ಯ ಈ ನಡುವೆ ತನ್ನ ಕೆಲಸವನ್ನು ಮಾಡಿದೆ. ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಬಂದು ರಂಗವನ್ನೂ ಏರಿತು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಯವರ ಮುಂದೆ ಅವರು ಸೀರೆಯ ಸೆರಗಿನಿಂದ ದೃಷ್ಟಿ ನಿವಾಳಿಸಿದ ದೃಶ್ಯವನ್ನು ನಾಡೆಲ್ಲ ಕಂಡಿತು. ಒಂದು ದಿನದ ಪ್ರಸಿದ್ಧ ಚಿತ್ರವದು. ಹನ್ನೆರಡು ವರ್ಷಗಳ ಚಿತ್ರವನ್ನು ತೆಗೆಯುವವರು ಕನ್ನಡಕ್ಕೆ ಇನ್ನೂ ಬೇಕಾಗಿದ್ದಾರೆ. ಕಾಡಿನ ಹುಲಿ ಹಕ್ಕಿಗಳ ಮುಂದೆ ವರ್ಷಗಟ್ಟಲೆ ಕಾದು ಕೂರುವ ಛಾಯಾಗ್ರಾಹಕರನ್ನು ಕರ್ನಾಟಕ ಬೇಕಾದಷ್ಟು ಕೊಟ್ಟಿದೆ. ಮನುಷ್ಯನ ಮುಂದೆ ಅಷ್ಟು ತಾಳ್ಮೆ ತೋರಿದವರು ಲೇಖಕರ ಭಾವಚಿತ್ರಗಳನ್ನು ತೆಗೆದ ಎ. ಎನ್. ಮುಕುಂದ ಅವರಂಥ ಕೆಲವರು.

ಗ್ರಂಥ ಮುಗಿದರೂ ಮೋನಾ ದಯನಿತಾ ಸಿಂಗ್ ಅವರನ್ನು ಬಿಡಲಿಲ್ಲ. 2013ರ ವೆನಿಸ್ ಕಲಾಪ್ರದರ್ಶನದಲ್ಲಿ ಜರ್ಮನಿಯ ವಿಭಾಗದಲ್ಲಿ ಅವರು 'ಮೋನಾ ಅಂಡ್ ಮೈಸೆಲ್ಫ್' ಎಂಬ ಕಿರುಚಿತ್ರವನ್ನಿಟ್ಟರು. ಅದರಲ್ಲಿ ಘಟನೆಯಿಲ್ಲ, ಮೋನಾ ಮಲಗಿಕೊಂಡು ಹಿಂದಿ ಚಲಚ್ಚಿತ್ರದ ಹಳೆಯ ಹಾಡೊಂದನ್ನು ಕೇಳುತ್ತಿದ್ದಾರೆ. ಚಿತ್ರ ಸ್ಥಿರವೆಂದೇ ಭ್ರಮೆಯಾಗುತ್ತದೆ. ಉಸಿರಾಟದಿಂದಲೂ ರೆಪ್ಪೆಯಿಂದಲೂ ಅದು ಚಲಿಸುತ್ತಿದೆಯೆಂದು ಗೊತ್ತಾಗಬೇಕು. ಎರಡು ಶೀರ್ಷಿಕೆಗಳನ್ನು ಬದಿಬದಿಗಿಟ್ಟು ನೋಡುವುದು ಒಳ್ಳೆಯದು. 2001ರ ಗ್ರಂಥದ ಹೆಸರಿನಲ್ಲಿ ಬರುವ 'ನಾನು' ಮೋನಾ. 2013ರ ಹೆಸರಿನಲ್ಲಿ ಬರುವ 'ನಾನು' ಕ್ಯಾಮೆರಾದ ಹಿಂದಿರುವವರು. ಮೊದಲನೆಯದರಲ್ಲಿ ಛಾಯಾಗ್ರಾಹಕಿ ತಮ್ಮ 'ನಾನು'ವನ್ನು ಬಿಟ್ಟುಕೊಟ್ಟಿದ್ದರು. ಎರಡನೆಯದರಲ್ಲಿ ಅದನ್ನು ಮೋನಾರ ಹೆಸರಿನ ಬಳಿಕ ತಂದಿಟ್ಟರು. ಇಪ್ಪತ್ತನಾಲ್ಕು ವರ್ಷಗಳ ಒಡನಾಟದ ಬಳಿಕ ಆ ಎರಡು ಹೆಸರುಗಳ ನಡುವೆ ಉಳಿದದ್ದು ಒಂದು 'ಮತ್ತು'. ಆಮೇಲೆ ನಾಲ್ಕು ವರ್ಷಕ್ಕೆ, 2017ರಲ್ಲಿ, ಮೋನಾ ಅಹಮದ್ ತೀರಿಕೊಂಡರು.